ಸೇಂಟ್ ಹೆಲೆನಾ ನಾಣ್ಯದ ಮೇಲೆ ಇರಬೇಕಾದ ಇನ್ನೊಬ್ಬ

ನಮಸ್ಕಾರ. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿರುವ, ಬ್ರಿಟಿಷ್ ಆಡಳಿತದ ಸೇಂಟ್ ಹೆಲೆನಾ ದ್ವೀಪ ಪತ್ತೆಯಾಗಿ 500 ವರ್ಷ ತುಂಬಿದ ನೆನಪಿಗೆ 2002ರಲ್ಲಿ ಹೊರಬಂದ 50 ಪೆನ್ಸ್ ನಾಣ್ಯ ನಿಮ್ಮ ಕೈ ಸೇರಿದ ಸಂಗತಿ ಬರೆದಿದ್ದೀರಿ. ಇದು ಚಲಾವಣೆಯ ದುಡ್ಡೇ, ದ್ವೀಪವನ್ನು ಮೊದಲು ಕಂಡ ಜೊವಾವ್ ದ ನೋವಾ ಯಾರು, ಆ ದ್ವೀಪಕ್ಕೂ ನಮ್ಮ ಕಡೆಗೂ ಏನಾದರೂ ನಂಟಿದೆಯೇ ಎಂದು ಕೇಳಿದ್ದೀರಿ.

ಸೇಂಟ್ ಹೆಲೆನಾಕ್ಕೆ ತನ್ನದೇ ಪೌಂಡ್ ಇದೆ, ಬ್ರಿಟಿಷ್ ಪೌಂಡಿಗೆ ಸರಿಸಮ. ಆದರೆ ಅಲ್ಲಿನ ಅಂಗಡಿಗಳಲ್ಲಿ ಓಡಾಡುವ 50 ಪೆನ್ಸ್ ಏಳು ಮೂಲೆಯದು. ನೀವು ಬರೆದಂಥ ದುಂಡಗಿನ, ಅಗಲ ನಾಣ್ಯ ಸಂಗ್ರಹಕಾರರಿಗಾಗಿಯೇ ಟಂಕಿಸಿದ್ದು. ತಾಮ್ರ-ನಿಕ್ಕಲ್‌ನದಾದರೆ ಜಾಸ್ತಿ ಬೆಲೆ ಬರುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ, ಇರುವ ಬೆಲೆಯೂ ಹೋಗುತ್ತದೆ.

ದ ನೋವಾ 1501ರಲ್ಲಿ ಲಿಸ್ಬನ್ನಿನಿಂದ ನಾಲ್ಕು ಹಡಗು ಕಟ್ಟಿಕೊಂಡು ಮಲಬಾರಿಗೆ ಬಂದ ಕಪ್ತಾನ. ಮರಳಿ ಹೋಗುವಾಗ, 1502ರಲ್ಲಿ, ಈ ದ್ವೀಪ ಕಣ್ಣಿಗೆ ಬಿತ್ತು ಎನ್ನುತ್ತಾರೆ. ಆಫ್ರಿಕಾದ ಕರಾವಳಿಯಿಂದ ಸುಮಾರು 1,900 ಕಿ.ಮೀ. ದೂರ. ಅಲ್ಲಿ ಆಗ ಒಬ್ಬ ಮನುಷ್ಯನೂ ಇರಲಿಲ್ಲ. ದ್ವೀಪ ಕಂಡದ್ದು ಮೇ 21ರಂದು, ಅಂದು ಸಂತ ಹೆಲೆನಾಳ ಹಬ್ಬವಾದ್ದರಿಂದ ಅವಳ ಹೆಸರಿಟ್ಟರು ಎಂಬ ಮಾತಿದೆ. ದ್ವೀಪದವರು ಆ ದಿನವನ್ನೇ ಸೇಂಟ್ ಹೆಲೆನಾ ದಿನ ಎಂದು ಆಚರಿಸುತ್ತಾರೆ. ಆದರೆ ಕ್ಯಾಥೊಲಿಕ್ ಪಂಚಾಂಗದಲ್ಲಿ ಆ ಸಂತಳ ಹಬ್ಬ ಬರುವುದು ಆಗಸ್ಟ್ 18ಕ್ಕೆ. ಪೋರ್ಚುಗೀಸ್ ನಾವಿಕರು ಕ್ಯಾಥೊಲಿಕರು, ಅಲ್ವಾ? ಅದಕ್ಕೇ ಇತಿಹಾಸಕಾರರು ಈ ತಾರೀಖನ್ನು ಅನುಮಾನಿಸುತ್ತಾರೆ.

ಇನ್ನು ನಮ್ಮ ಕಡೆಯ ನಂಟು. ಪೋರ್ಚುಗೀಸ್ ಸಿಪಾಯಿ ಫೆರ್ನಾವ್ ಲೋಪೆಸ್ ಗೋವೆಯಲ್ಲಿದ್ದವನು. ತನ್ನವರನ್ನು ಬಿಟ್ಟು ಬಿಜಾಪುರದ ಆದಿಲ್‌ಶಾಹಿ ಸರದಾರ ರಸೂಲ್ ಖಾನನ ಕಡೆ ಸೇರಿದ, ಮುಸ್ಲಿಮನೂ ಆದ. 1512ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಗೆದ್ದಾಗ, ಹೀಗೆ ಬಂದ ಪೋರ್ಚುಗೀಸರ ಜೀವ ತೆಗೆಯಬಾರದೆಂದು ರಸೂಲ್ ಖಾನ್ ಮಾತು ತೆಗೆದುಕೊಂಡೇ ಅವರನ್ನು ಒಪ್ಪಿಸಿದ. ಅಲ್ಬುಕರ್ಕ್ ಜೀವವನ್ನೇನೋ ಉಳಿಸಿದ. ಆದರೆ ಬಲಗೈ, ಎಡಗೈಯ ಹೆಬ್ಬೆರಳು, ಮೂಗು, ಕಿವಿ ಕತ್ತರಿಸಿ ಹಾಕಿಸಿದ. ಎಷ್ಟೋ ಜನ ಆ ನೋವಿನಲ್ಲೇ ಸತ್ತರು.

ಲೋಪೆಸ್ ಬದುಕಿದ. ಅಲ್ಬುಕರ್ಕ್ ತೀರಿಕೊಂಡ ಮೇಲೆ ಊರಿಗೆ ಹೊರಟ. ಹಡಗು ನೀರಿಗಾಗಿ ಸೇಂಟ್ ಹೆಲೆನಾದಲ್ಲಿ ನಿಂತಾಗ, ಸುಮಾರು 1516ರಲ್ಲಿ, ಇಳಿದು ಕಾಡಿನಲ್ಲಿ ಅಡಗಿಕೊಂಡ. ಆ ಮುಖ ಹೊತ್ತು ಮನೆಗೆ ಹೋಗುವ ಮನಸ್ಸು ಅವನಿಗೆ ಬರಲಿಲ್ಲ ಎಂದೇ ನನಗನಿಸುತ್ತದೆ. ಹಡಗಿನವರು ಒಣ ಬಿಸ್ಕತ್ತು, ಬೆಂಕಿ, ಹಳೇ ಬಟ್ಟೆ ಬಿಟ್ಟು ಹೋದರು. ಮುಂದೊಂದು ಹಡಗಿನಿಂದ ನೀರಿಗೆ ಬಿದ್ದ ಹುಂಜವೊಂದು ದಡ ಸೇರಿತು. ಲೋಪೆಸ್ ಅದನ್ನು ಸಾಕಿದ. ಹೋದಲ್ಲೆಲ್ಲ ಅದು ಅವನ ಹಿಂದೆಯೇ. ಒಂದು ಕೈ, ಅದರಲ್ಲೂ ಹೆಬ್ಬೆರಳಿಲ್ಲ. ಆದರೂ ಗಿಡ ನೆಟ್ಟ. ದಾಳಿಂಬೆ, ಸೋರೆ ಬೆಳೆದ, ಆಡು, ಕೋಳಿ ಸಾಕಿದ. ಆ ದಾರಿಯ ಹಡಗುಗಳಿಗೆ ಅಲ್ಲಿ ಊಟ ಸಿಗುವಂತಾಯಿತು. ಮಧ್ಯೆ ಒಮ್ಮೆ ಪೋರ್ಚುಗಲ್‌ಗೆ ಹೋಗಿ ರಾಜನನ್ನು ಕಂಡ, ರೋಮಿಗೆ ಹೋಗಿ ಪೋಪರಿಂದ ಕ್ಷಮೆ ಪಡೆದ. ಅಲ್ಲೆಲ್ಲೂ ಉಳಿಯಲಿಲ್ಲ, ದ್ವೀಪಕ್ಕೇ ಮರಳಿ ಬಂದ. 1545ರಲ್ಲಿ ಅಲ್ಲೇ ತೀರಿಕೊಂಡ.

ಕಂಡವನ ನೆನಪಿಗೆ ನಾಣ್ಯ ಬಂದಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲು ಅಲ್ಲಿ ನೆಲೆ ನಿಂತು ಬೆಳೆ ತೆಗೆದವನು ಲೋಪೆಸ್. ಅವನಿಗೂ ಒಂದು ನಾಣ್ಯ ಸಲ್ಲಬೇಕು. ನಿಮ್ಮದನ್ನು ಮನೆಯವರಿಗೆ ತೋರಿಸುವಾಗ ದಯವಿಟ್ಟು ಅವನ ಕತೆಯನ್ನೂ ಹೇಳಿ.

– ಸಂಪಾದಕ