ಸಿಲ್ಕೆ ಎಂದರೆ ರೇಷ್ಮೆಯೇ?

‘ಹ್ಯಾಂಬರ್ಗ್‌ನಲ್ಲಿರುವ ಮಗಳು ತನ್ನ ಮಗುವಿಗೆ ಸಿಲ್ಕೆ ಎಂದು ಹೆಸರಿಟ್ಟಿದ್ದಾಳೆ. ಅಲ್ಲಿಯ ಮಾತಿನಲ್ಲಿ ಅದು ರೇಷ್ಮೆಯಂತೆ. ರಾಮನಗರದವರಾದ ನಮಗೆ ಇದಕ್ಕಿಂತ ಒಪ್ಪುವ ಹೆಸರು ಉಂಟೆ?’
– ಓದುಗರೊಬ್ಬರು, ರಾಮನಗರ

ಮೊದಲು ಮಗುವಿಗೆ ಹಾರೈಕೆ. ರೇಷ್ಮೆಗೂಡಿನ ಮಾರುಕಟ್ಟೆಯ ಊರಿನವರು ಈ ಹೆಸರು ಕೇಳಿ ಹಿಗ್ಗಿದ್ದು ಸಹಜವೇ. ನಿಮ್ಮ ಮಾತನ್ನು ಪೂರಾ ತಳ್ಳಿಹಾಕುವಂತೆಯೂ ಇಲ್ಲ. ಡೇನಿಶ್, ನಾರ್ವೇಜಿಯನ್ ಭಾಷೆಗಳಲ್ಲಿ ‘ಸಿಲ್ಕೆ’ ರೇಷ್ಮೆಯೇ, ಡೆನ್ಮಾರ್ಕಿನಲ್ಲಿ ಹೆಣ್ಣುಮಕ್ಕಳಿಗೆ ಈ ಹೆಸರೂ ಉಂಟು. ಸ್ವೀಡನ್ನಿನವರು ಇನ್ನೂ ಕಟ್ಟುನಿಟ್ಟು: ನೂಲು ‘ಸಿಲ್ಕೆ’, ನೇಯ್ದ ಹೊಳಪಿನ ಬಟ್ಟೆ ‘ಸೀಡೆನ್’.

ಆದರೆ ಹ್ಯಾಂಬರ್ಗ್ ಇರುವುದು ಜರ್ಮನಿಯಲ್ಲಲ್ಲವೇ ಸ್ವಾಮಿ? ಅಲ್ಲಿ ರೇಷ್ಮೆಗೆ ‘ಜ಼ೈಡೆ’ ಎನ್ನುತ್ತಾರೆ. ಸಿಲ್ಕೆ ಎಂಬ ಹೆಸರು ಬಂದ ದಾರಿಯೇ ಬೇರೆ. ಉತ್ತರ ಜರ್ಮನಿಯ ಆಡುನುಡಿಯಲ್ಲಿ ಹೆಸರನ್ನು ಮೊಟಕು ಮಾಡಿ ಕೊನೆಗೆ ‘ಕೆ’ ಹಚ್ಚಿ ಮುದ್ದಿನಿಂದ ಕರೆಯುವುದು ರೂಢಿ. ಆನ್ನಾ ‘ಆಂಕೆ’ಯಾಗುತ್ತಾಳೆ, ಆಡೆಲ್‌ಹೈಡ್ ‘ಎಲ್ಕೆ’. ಹಾಗೆಯೇ ಸಿಸಿಲಿಯಾ ಸವೆದು ‘ಸಿಲ್ಕೆ’. ಆ ಸಿಸಿಲಿಯಾ ರೋಮಿನ ಹಳೆಯ ಮನೆತನವೊಂದರ ಹೆಸರು, ಅದರ ಬುಡದ ಲ್ಯಾಟಿನ್ ಪದಕ್ಕೆ ‘ಕುರುಡ’ ಎಂದರ್ಥ. ಗಾಬರಿ ಬೇಡ, ಯಾವ ಜರ್ಮನ್ ಅಜ್ಜಿಯೂ ಅದನ್ನು ನೆನೆದು ಮೊಮ್ಮಗಳನ್ನು ಕೂಗುವುದಿಲ್ಲ.

ಎರಡು ಪದ ಒಂದೇ ಥರ ಕೇಳಿಸಿದರೆ ಮೊದಲು ಬಾಲವನ್ನು ಬಿಡಿಸಿ ನೋಡಬೇಕು. ಬಟ್ಟೆಯ ‘ಸಿಲ್ಕೆ’ಯಲ್ಲಿ ಕಕಾರ ಬುಡಕ್ಕೇ ಸೇರಿದ್ದು, ಡೇನಿಶ್, ನಾರ್ವೇಜಿಯನ್‌ಗಳ ಮೂಲವಾದ ಹಳೆಯ ನಾರ್ಸ್ ಭಾಷೆಯಲ್ಲೇ ಅದು ‘ಸಿಲ್ಕಿ’. ಹೆಸರಿನ ‘ಕೆ’ ಹೊರಗಿನಿಂದ ಹಚ್ಚಿದ್ದು. ಆಮೇಲೆ ಅದೇ ಬಾಲದ ನಾಲ್ಕಾರು ಹೆಸರುಗಳನ್ನು ಪಕ್ಕದಲ್ಲಿಟ್ಟು, ಆ ವಸ್ತುವಿಗೆ ಆ ಊರಿನವರು ಏನನ್ನುತ್ತಾರೆಂದು ವಿಚಾರಿಸಿದರೆ ಮುಗಿಯಿತು.

ನಮ್ಮ ಹೆಸರಿನ ಪಟ್ಟಿಗಳು ಈ ಗೋಜಿಗೇ ಹೋಗುವುದಿಲ್ಲ. ಯಾವ ಹೆಸರು ಕೇಳಿದರೂ ‘ಬೆಳಕು’, ‘ದೇವರ ಕೊಡುಗೆ’ ಎಂದು ಅರ್ಥ ಸಿದ್ಧ! ಅಂಥ ಅರ್ಥ ಹೊಳೆಯಲಿಲ್ಲವೆಂದು ಪುಟ್ಟಮ್ಮ, ಸಣ್ಣಮ್ಮರನ್ನು ಮೂಲೆಗೆ ತಳ್ಳಿದವರು ನಾವೇ ತಾನೆ? ಜರ್ಮನ್ನರ ‘ಕೆ’ ಹೇಳುವುದೂ ‘ಪುಟ್ಟಿ’ ಎಂದೇ. ‘ರೇಷ್ಮೆ’ ಪಾರಸಿಯಿಂದ ಬಂದದ್ದು ಎಂದರೆ ಮುಖ ಸಿಂಡರಿಸುವವರೂ ಇದ್ದಾರೆ, ಇರಲಿ.

ಜರ್ಮನ್ನಿನಲ್ಲಿ ಪದದ ಮೊದಲ ‘ಸ’ ಸ್ವರದ ಮುಂಚೆ ‘ಜ಼’ ಆಗುವುದರಿಂದ ಹ್ಯಾಂಬರ್ಗ್‌ನಲ್ಲಿ ಮಗುವನ್ನು ‘ಜ಼ಿಲ್ಕೆ’ ಎಂದೇ ಕರೆದಾರು. 1960–70ರ ದಶಕಗಳಲ್ಲಿ ತುಂಬ ಚಾಲ್ತಿಯಲ್ಲಿದ್ದ ಹೆಸರದು. ಶಾಲೆಗೆ ಸೇರಿದ ಮೇಲೆ ಅವಳಿಗೆ ಓರಗೆಯವರಿಗಿಂತ ಟೀಚರುಗಳಲ್ಲೇ ಸಿಲ್ಕೆಯರು ಸಿಕ್ಕಾರು. ನಾಮಕರಣದ ಕರೆಯೋಲೆಯಲ್ಲಿ ಮಾತ್ರ ನಿಮಗೊಗ್ಗಿದಂತೆ ‘ಸಿಲ್ಕೆ’ ಎಂದೇ ಅಚ್ಚುಹಾಕಿಸಿ.

– ಸಂ.