ಆಟದ ಡಬ್ಬಿ ಜೇಬಿಗೆ ಯಾಕೆ ಹಿಡಿಯಲ್ಲ?

ಪ್ರಶ್ನೆ: ನನ್ನ ಫೋನ್ ಇಷ್ಟು ತೆಳ್ಳಗಿದೆ, ಅದರಲ್ಲೂ ಒಳ್ಳೊಳ್ಳೆ ಗೇಮ್ ಓಡುತ್ತವೆ. ತಮ್ಮನ ಹತ್ತಿರ ಇರುವ ಸ್ಟೀಮ್ ಡೆಕ್ (ಕೈಯಲ್ಲಿ ಹಿಡಿದು ಕಂಪ್ಯೂಟರ್ ಗೇಮ್ ಆಡುವ ಡಬ್ಬಿ) ಹಿಡಿಯೋಕೆ ಮಾತ್ರ ಎರಡು ಕೈಯೂ ಬೇಕು. ಅದನ್ನೂ ಚಿಕ್ಕದು ಮಾಡೋಕೆ ಏನು ಕಷ್ಟ? – ಓದುಗರು, ಶಿವಮೊಗ್ಗ

ಉತ್ತರ: ಚಿಪ್ ಚಿಕ್ಕದೇ ಇದೆ. ಜಾಗ ತಿನ್ನೋದು ಅದರ ಸುತ್ತ ಇರುವ ಸಾಮಾನು. ಫೋನಿನಲ್ಲಿ ಗಾಜು ಮುಟ್ಟಿದರೆ ಸಾಕು, ಆದರೆ ಇಲ್ಲಿ ಹೆಬ್ಬೆರಳಿನ ಕೆಳಗೆ ಎಲ್ಲಾ ಕಡೆಗೂ ವಾಲುವ ಸ್ಟಿಕ್ ಇದೆ, ಅದಕ್ಕೆ ಆಳ ಬೇಕು. ತೋರುಬೆರಳಿನ ಟ್ರಿಗರ್ ಒಳಗೆ ಹೋಗಿ ವಾಪಸ್ ಬರೋಕೂ ಜಾಗ ಬೇಕು. ಇದನ್ನೆಲ್ಲ ಚಪ್ಪಟೆ ಮಾಡಬಹುದು, ಮಾಡಿದವರೂ ಇದ್ದಾರೆ, ಆದರೆ ಅರ್ಧ ಗಂಟೆ ಆಡುವಷ್ಟರಲ್ಲಿ ಬೆರಳು ನೋಯೋಕೆ ಶುರುವಾಗುತ್ತದೆ.

ಆಮೇಲೆ ಶಾಖ. ಡೆಕ್‌ನ ಚಿಪ್ 4ರಿಂದ 15 ವ್ಯಾಟ್ ಎಳೆಯುತ್ತದೆ. ಅಷ್ಟು ಬಿಸಿ ನಿಮ್ಮ ಅಂಗೈಗೆ ತಾಗದೆ ಹೊರಗೆ ಹೋಗಬೇಕಾದರೆ ಫ್ಯಾನ್ ಬೇಕು, ಫ್ಯಾನ್ ಇಟ್ಟ ಮೇಲೆ ಗಾಳಿ ಓಡಾಡೋಕೆ ದಾರಿಯೂ ಬಿಡಬೇಕು. ಫೋನಿಗೆ ಸಾಮಾನ್ಯವಾಗಿ ಫ್ಯಾನ್ ಇರಲ್ಲ, ಅದಕ್ಕೇ ಭಾರಿ ಗೇಮ್ ಜಾಸ್ತಿ ಹೊತ್ತು ಆಡಿದರೆ ಹಿಂಭಾಗ ಬಿಸಿಯಾಗಿ ಚಿಪ್ ತಾನಾಗೇ ವೇಗ ಇಳಿಸಿಕೊಳ್ಳುತ್ತದೆ.

ಉಳಿದದ್ದು ಬ್ಯಾಟರಿ. 2022ರ ಡೆಕ್‌ನಲ್ಲಿ 40 ವ್ಯಾಟ್-ಅವರ್ ಬ್ಯಾಟರಿ ಇತ್ತು, ಅಂದರೆ 40 ವ್ಯಾಟ್ ಎಳೆದರೆ ಒಂದು ಗಂಟೆ ಬರುವಷ್ಟು. ಚಿಪ್ ಒಂದೇ 15 ವ್ಯಾಟ್ ಕುಡಿದು, ಅದರ ಮೇಲೆ ಸ್ಕ್ರೀನು, ಫ್ಯಾನು ಅಂತ ಸೇರಿದರೆ ಎರಡು ಗಂಟೆಗೆ ಖಾಲಿ. 2023ರ ಒಎಲ್ಇಡಿ ಡೆಕ್‌ನಲ್ಲಿ 7 ನ್ಯಾನೋಮೀಟರ್ ಬದಲು 6 ನ್ಯಾನೋಮೀಟರ್ ಚಿಪ್ ಬಂತು, ಅಂದರೆ ಇನ್ನೂ ಸಣ್ಣ ಭಾಗಗಳಿರುವ, ಕರೆಂಟ್ ಕಮ್ಮಿ ತಿನ್ನುವ ಚಿಪ್, ಸ್ಕ್ರೀನೂ ಬದಲಾಯಿತು. ಹೀಗೆ ಸಿಕ್ಕ ಉಳಿತಾಯವನ್ನು ತೆಳ್ಳಗೆ ಮಾಡೋಕೆ ಬಳಸಬಹುದಿತ್ತು. ಡೆಕ್ ತಯಾರಿಸುವ ವಾಲ್ವ್ ಕಂಪನಿಯವರು ಹಾಗೆ ಮಾಡಲಿಲ್ಲ. ಬ್ಯಾಟರಿ 50 ವ್ಯಾಟ್-ಅವರ್‌ಗೆ ಏರಿಸಿದರು, ಫ್ಯಾನ್ ದೊಡ್ಡದು ಮಾಡಿದರು, ಅಷ್ಟಾದರೂ ತೂಕ 669ರಿಂದ 640 ಗ್ರಾಂಗೆ ಇಳಿಯಿತು. ನನಗೆ ಈ ನಿರ್ಧಾರ ತುಂಬಾ ಇಷ್ಟ. ಜೇಬಿನಲ್ಲಿ ಹಿಡಿದು ಒಂದು ಗಂಟೆಗೇ ಸತ್ತುಹೋಗುವ ಗೇಮ್ ಕನ್ಸೋಲ್ ಯಾರಿಗೆ ಬೇಕು?

ಪ್ರಶ್ನೆ: ನಿಜವಾಗಲೂ ಜೇಬಿಗೆ ಹಿಡಿಯುವಂಥದ್ದು ಯಾವತ್ತಾದರೂ ಬಂದಿತ್ತಾ? – ಓದುಗರು, ಧಾರವಾಡ

ಉತ್ತರ: ಬಂದಿತ್ತು. 2005ರಲ್ಲಿ ನಿಂಟೆಂಡೊ ತಂದ ಗೇಮ್ ಬಾಯ್ ಮೈಕ್ರೊ. ಉದ್ದ 101 ಮಿಲಿಮೀಟರ್, ಅಗಲ 50, ದಪ್ಪ 17, ತೂಕ ಬರೀ 80 ಗ್ರಾಂ. ಅಂಗಿ ಜೇಬಿನಲ್ಲಿ ಆರಾಮಾಗಿ ಕೂರುತ್ತಿತ್ತು. ಅದರ ಅಣ್ಣ ಗೇಮ್ ಬಾಯ್ ಅಡ್ವಾನ್ಸ್‌ನ 2.9 ಇಂಚು ಸ್ಕ್ರೀನಿನಲ್ಲಿ ಇದ್ದಷ್ಟೇ ಚುಕ್ಕೆಗಳು, ಅಂದರೆ 240 ಅಡ್ಡ, 160 ಉದ್ದ, ಇಲ್ಲಿ 2 ಇಂಚಿನೊಳಗೆ ಬಂದವು. ಚಿತ್ರ ಮಿನುಗುವಷ್ಟು ಚೊಕ್ಕ, ಆದರೆ ಅಕ್ಷರ ಅಷ್ಟೇ ಸಣ್ಣ. ಮಾತು ಜಾಸ್ತಿ ಇರುವ ಆಟಗಳನ್ನು ಕಣ್ಣು ಕಿರಿದು ಮಾಡಿಕೊಂಡೇ ಓದಬೇಕು. ಮೊದಲ ಗೇಮ್ ಬಾಯ್ ಕಾಲದ ಕಾರ್ಟ್ರಿಜ್‌ಗಳು (ಆಟ ತುಂಬಿದ, ಸಿಕ್ಕಿಸುವ ಪೆಟ್ಟಿಗೆಗಳು) ಅದರಲ್ಲಿ ನಡೆಯಲೇ ಇಲ್ಲ, ಅಷ್ಟು ವರ್ಷ ಕೂಡಿಟ್ಟುಕೊಂಡವರಿಗೆ ಇದು ನಿಜವಾದ ನಷ್ಟ. ಒಟ್ಟು ಸುಮಾರು 24 ಲಕ್ಷ ಮಾತ್ರ ಮಾರಾಟವಾದವು. ಅಷ್ಟು ಹೊತ್ತಿಗೆ ಅದೇ ಕಂಪನಿಯ ಎರಡು ಸ್ಕ್ರೀನಿನ ಕನ್ಸೋಲ್ ಡಿಎಸ್ ಬಂದು ಜನರ ಕಣ್ಣು ಅತ್ತ ಹೋಗಿತ್ತು ಅನ್ನೋದೂ ಒಂದು ಕಾರಣ.

ಅದಕ್ಕೂ ಮುಂಚೆ 2003ರ ಅಡ್ವಾನ್ಸ್ ಎಸ್‌ಪಿ ಬೇರೆ ದಾರಿ ಹಿಡಿದಿತ್ತು, ಮಡಚೋದು. ಸ್ಕ್ರೀನ್‌ಗೆ ಗೀರು ಬೀಳಲ್ಲ, ಜೇಬಿಗೂ ಹಿಡಿಯುತ್ತದೆ. ಆದರೆ ಹೆಡ್‌ಫೋನ್ ತೂತನ್ನೇ ತೆಗೆದುಹಾಕಿದರು. ಹಾಡು ಕೇಳಿಕೊಂಡು ಆಡಬೇಕಾದರೆ ಚಾರ್ಜರ್ ತೂತಿಗೇ ಅಡಾಪ್ಟರ್ ಸಿಕ್ಕಿಸಬೇಕಿತ್ತು.

ಪ್ರಶ್ನೆ: ಸೋನಿಯ ಕೈಯಲ್ಲಿ ಹಿಡಿಯುವ ಕನ್ಸೋಲ್ ಪಿಎಸ್‌ಪಿ ತೆಳ್ಳಗಾದಾಗ ಬ್ಯಾಟರಿಯೂ ಚಿಕ್ಕದಾಯಿತಂತೆ. ಆಟದ ಹೊತ್ತು ಕಮ್ಮಿ ಆಗಲಿಲ್ಲವಾ? – ಓದುಗರು, ಮೈಸೂರು

ಉತ್ತರ: ಹೆಚ್ಚೇನೂ ಆಗಲಿಲ್ಲ. 2007ರಲ್ಲಿ ತೂಕ 280ರಿಂದ 189 ಗ್ರಾಂಗೆ, ಬ್ಯಾಟರಿ 1800ರಿಂದ 1200 ಎಂಎಎಚ್‌ಗೆ ಇಳಿಯಿತು. ಆದರೆ ಒಳಗಿನ ಭಾಗಗಳು ಕರೆಂಟ್ ತಿನ್ನೋದನ್ನೂ ಕಮ್ಮಿ ಮಾಡಿದ್ದರು. ಮೆಮೊರಿ 32ರಿಂದ 64 ಎಂಬಿಗೆ ಏರಿಸಿದ್ದರಿಂದ ಆಟದ ಡಿಸ್ಕಿನ ಮಾಹಿತಿಯನ್ನು ಮೊದಲೇ ತುಂಬಿಟ್ಟುಕೊಳ್ಳೋಕೆ ಆಗುತ್ತಿತ್ತು, ಡಿಸ್ಕನ್ನು ಪದೇ ಪದೇ ಓದೋದು ಕಮ್ಮಿ ಆಗುತ್ತಿತ್ತು. ಚಿಕ್ಕದು ಮಾಡಿದವರಲ್ಲಿ ಇದು ಜಾಣ ಕೆಲಸ.

ಪ್ರಶ್ನೆ: ಮಗಳಿಗೆ ನಿಂಟೆಂಡೊದ ಸ್ವಿಚ್ ಲೈಟ್ ಕನ್ಸೋಲ್ ಕೊಡಿಸೋಣ ಅಂತ ಇದ್ದೀನಿ. ಪರವಾಗಿಲ್ವಾ? – ಓದುಗರು, ಮಂಗಳೂರು

ಉತ್ತರ: 275 ಗ್ರಾಂ, 5.5 ಇಂಚು ಸ್ಕ್ರೀನ್, ಪುಟ್ಟ ಕೈಗೆ ಚೆನ್ನಾಗಿ ಒಗ್ಗುತ್ತದೆ. ಟಿವಿಗೆ ಜೋಡಿಸೋಕೆ ಆಗಲ್ಲ, ಮನೆಯವರೆಲ್ಲ ಕೂತು ಆಡೋ ಆಸೆ ಇದ್ದರೆ ಬೇಡ. ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲ್ಲ. ದೊಡ್ಡ ಸ್ವಿಚ್‌ನಲ್ಲಿ ಸ್ಟಿಕ್ ಕೆಟ್ಟರೆ ಪಕ್ಕದ ಜಾಯ್-ಕಾನ್ (ಬಿಚ್ಚಿ ತೆಗೆಯಬಹುದಾದ ಸ್ಟಿಕ್-ಬಟನ್ ಭಾಗ) ಒಂದನ್ನು ತೆಗೆದು ಬೇರೆ ಹಾಕಿದರೆ ಆಯಿತು, ಲೈಟ್‌ನಲ್ಲಿ ಸ್ಟಿಕ್ ದೇಹಕ್ಕೇ ಸೇರಿಕೊಂಡಿದೆ, ಪೂರ್ತಿ ಬಿಚ್ಚಬೇಕು. ದುಡ್ಡು ಕೊಡೋ ಮುಂಚೆ ನಿಮ್ಮೂರಲ್ಲಿ ಅದನ್ನು ರಿಪೇರಿ ಮಾಡುವವರು ಇದ್ದಾರಾ ಅಂತ ವಿಚಾರಿಸಿ.