ಕಾಲಂ ಎಷ್ಟು ಅಂತ ಮೊದಲೇ ಹೇಳಬೇಕಾ?

ಪ್ರಶ್ನೆ: ಮೇಡಂ, ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಒಂದು ಟೊಮೆಟೊ ಮಂಡಿಯ ಕಂಪ್ಯೂಟರ್ ಲೆಕ್ಕ ನನ್ನದು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಬಳಸುತ್ತೇವೆ. ತಿಂಗಳು ಕೊಟ್ಟರೆ ದಿನಕ್ಕೊಂದು ಸಾಲು, ವ್ಯಾಪಾರಿಗೊಂದು ಕಾಲಂ ಬರುವಂಥ ಫಂಕ್ಷನ್ (ಬರೆದಿಟ್ಟು ಬೇಕಾದಾಗ ಕರೆಯುವ ಕೋಡ್) ಬೇಕು ಅಂತಾರೆ ನಮ್ಮ ಓನರ್. ಆದರೆ ಹರಾಜಿಗೆ ಬರುವ ವ್ಯಾಪಾರಿಗಳು ಪ್ರತಿ ತಿಂಗಳೂ ಬದಲಾಗುತ್ತಾರೆ. ಅದಕ್ಕೇ ಫಂಕ್ಷನ್ 'ರೆಕಾರ್ಡ್', ಅಂದರೆ ಕಾಲಂ ಮೊದಲೇ ಗೊತ್ತುಮಾಡದ ಸಾಲು, ಕೊಡಲಿ ಅಂತ ಬರೆದೆ. ಕರೆದರೆ ಕಾಲಂಗಳ ಪಟ್ಟಿ ಕೊಡು ಅಂತ ಎರರ್ ಬರುತ್ತದೆ. ಪಟ್ಟಿ ನನಗೇ ಗೊತ್ತಿದ್ದರೆ ಫಂಕ್ಷನ್ ಯಾಕೆ ಬೇಕಿತ್ತು? — ಓದುಗರು, ಕೋಲಾರ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಎರರ್‌ಗೆ ಗಟ್ಟಿಯಾದ ಕಾರಣ ಇದೆ.

ನೀವು ಕ್ವೆರಿ (ಡೇಟಾಬೇಸ್‌ಗೆ ಬರೆದು ಕೇಳುವ ಪ್ರಶ್ನೆ) ಕೊಟ್ಟ ತಕ್ಷಣ ಡೇಟಾಬೇಸ್ ಸಾಲುಗಳನ್ನು ಓದಲು ಹೋಗುವುದಿಲ್ಲ. ಮೊದಲು ಬರಹವನ್ನು ಬಿಡಿಸಿ, ಪ್ರತಿ ಕಾಲಂ ಎಲ್ಲಿಂದ ಬಂತು, ಅದು ಸಂಖ್ಯೆಯೋ ದಿನಾಂಕವೋ ಅಂತ ಗೊತ್ತುಮಾಡಿಕೊಳ್ಳುತ್ತದೆ. ಎಲ್ಲ ಕಾಲಂ ಕೊಡು ಅನ್ನುವ 'ಸೆಲೆಕ್ಟ್ ಸ್ಟಾರ್' ಬರೆದರೂ ಆ ಸ್ಟಾರ್ ಬಿಚ್ಚಿಕೊಳ್ಳುವುದು ಆಗಲೇ. ಆಮೇಲೆ ಹೇಗೆ ಓದಬೇಕು ಅನ್ನುವ ಪ್ಲಾನ್, ಕೊನೆಗೆ ಓಟ. ನಿಮ್ಮ ಫಂಕ್ಷನ್ ಒಳಗೆ ವ್ಯಾಪಾರಿಗಳ ಹೆಸರು ಹುಡುಕುವುದು ಈ ಕೊನೆಯ ಹಂತದಲ್ಲಿ. ಅಷ್ಟೊತ್ತಿಗೆ ಕಾಲಂ ತೀರ್ಮಾನ ಮುಗಿದುಹೋಗಿರುತ್ತದೆ. ಅದಕ್ಕೇ ಪಟ್ಟಿಯನ್ನು ಕರೆಯುವವರಿಂದ ಕೇಳುತ್ತದೆ. ಒರಾಕಲ್ ಅನ್ನುವ ಇನ್ನೊಂದು ಡೇಟಾಬೇಸ್‌ನ 18ಸಿ ಆವೃತ್ತಿಯಲ್ಲಿ ಬಂದ ಪಾಲಿಮಾರ್ಫಿಕ್ (ಆಕಾರ ಬದಲಿಸುವ) ಟೇಬಲ್ ಫಂಕ್ಷನ್ ಕೂಡ ಇದನ್ನು ದಾಟಿಲ್ಲ. ಅದರಲ್ಲಿ ಕಾಲಂಗಳು ಬದಲಾಗಬಹುದು, ನಿಜ. ಆದರೆ ಅದು ನೋಡುವುದು ನೀವು ಕೊಟ್ಟ ಟೇಬಲ್‌ನ ಕಾಲಂಗಳನ್ನು ಮತ್ತು ಕ್ವೆರಿಯಲ್ಲೇ ಬರೆದ ವಿವರಗಳನ್ನು, ಒಳಗಿರುವ ಸಾಲುಗಳನ್ನಲ್ಲ.

ಈಗ ಯಾರಾದರೂ ನಿಮಗೆ 'ಕ್ರಾಸ್‌ಟ್ಯಾಬ್ ಬಳಸಿ' ಅನ್ನುತ್ತಾರೆ. ಅದು ಸಾಲುಗಳನ್ನು ಕಾಲಂಗಳಾಗಿ ತಿರುಗಿಸುವ ಪೋಸ್ಟ್‌ಗ್ರೆಸ್ ಫಂಕ್ಷನ್. ಅದಕ್ಕೂ ಕಾಲಂ ಪಟ್ಟಿ ಬೇಕೇ ಬೇಕು. ಅದರಲ್ಲೂ ಒಂದೇ ಕ್ವೆರಿ ಕೊಡುವ ಬಗೆಯನ್ನು ಮಂಡಿ ಲೆಕ್ಕದ ಹತ್ತಿರ ತರಲೇಬೇಡಿ. ಅದು ಹೆಸರು ನೋಡುವುದಿಲ್ಲ, ಸಿಕ್ಕಿದ್ದನ್ನು ಎಡದಿಂದ ತುಂಬುತ್ತಾ ಹೋಗುತ್ತದೆ. ಮೂರು ವ್ಯಾಪಾರಿಗಳಲ್ಲಿ ನಡುವಿನವರು ಮಂಗಳವಾರ ಬರಲಿಲ್ಲ ಅಂದುಕೊಳ್ಳಿ. ಮೂರನೆಯವರು ಕೊಂಡ ಬಾಕ್ಸ್‌ಗಳು ಸದ್ದಿಲ್ಲದೆ ನಡುವಿನವರ ಹೆಸರಿನ ಕೆಳಗೆ ಕೂರುತ್ತವೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ರೈತರ ದುಡ್ಡಿನ ಲೆಕ್ಕದಲ್ಲಿ ಇದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ವ್ಯಾಪಾರಿಗಳ ಪಟ್ಟಿಯನ್ನು ಎರಡನೇ ಕ್ವೆರಿಯಾಗಿ ಕೊಡುವ ಬಗೆಯಲ್ಲಿ ಆ ಜಾಗ ಖಾಲಿ ಉಳಿಯುತ್ತದೆ.

ಇನ್ನೊಂದು ತೊಂದರೆ ಕನ್ನಡದಲ್ಲಿ ಹೆಸರು ಇಡುವವರಿಗೆ ಇಂಗ್ಲಿಷ್‌ನವರಿಗಿಂತ ಬೇಗ ತಗಲುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಕಾಲಂ ಹೆಸರಿಗೆ 63 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ, ಗುಣಿತದ ಗುರುತು, ಒತ್ತಿನ ಕೊಂಡಿ ಎಲ್ಲಕ್ಕೂ ತಲಾ 3 ಬೈಟ್. 'ಶ್ರೀ ಲಕ್ಷ್ಮೀ ವೆಂಕಟೇಶ್ವರ' ಅನ್ನುವಷ್ಟರಲ್ಲೇ 65 ಆಯಿತು! ಕೊನೆಯ 'ರ' ಬಿದ್ದುಹೋಗುತ್ತದೆ. ಮುಂದೆ ಒಂದಕ್ಕೆ 'ಟ್ರೇಡರ್ಸ್', ಇನ್ನೊಂದಕ್ಕೆ 'ಮಂಡಿ' ಅಂತ ಇದ್ದರೂ ಎರಡೂ ಒಂದೇ ಹೆಸರಾಗುತ್ತವೆ. ವ್ಯಾಪಾರಿಯ ಹೆಸರು ನಿಮ್ಮ ಡೇಟಾ ಅಲ್ವಾ? ಅದು ಸಾಲಿನೊಳಗೇ ಇರಲಿ, ತಲೆಬರಹಕ್ಕೆ ಏರಿಸಬೇಡಿ.

ಹಾಗಾಗಿ ನಾನಾಗಿದ್ದರೆ ಫಂಕ್ಷನ್ ಯಾವಾಗಲೂ ನಾಲ್ಕೇ ಕಾಲಂ ಕೊಡುವಂತೆ ಬರೆಯುತ್ತೇನೆ: ದಿನಾಂಕ, ವ್ಯಾಪಾರಿ, ಬಾಕ್ಸ್, ಮೊತ್ತ. ಹೊಸ ವ್ಯಾಪಾರಿ ಬಂದರೆ ಸಾಲು ಜಾಸ್ತಿ ಆಗುತ್ತದೆ, ಫಂಕ್ಷನ್ ಮುಟ್ಟಬೇಕಿಲ್ಲ. ಇದನ್ನು ಬೇರೆ ಟೇಬಲ್‌ಗೆ ಜೋಡಿಸಬಹುದು, ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಮಾಡಬಹುದು. ಓನರ್‌ಗೆ ಅಗಲದ ಹಾಳೆ ಬೇಕು ಅಂದರೆ ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿ ತಿರುಗಿಸಿ ಕೊಡಿ. ಬರೀ ನಿಮ್ಮ ಕಣ್ಣಿಗಾದರೆ ಪೋಸ್ಟ್‌ಗ್ರೆಸ್ ಜೊತೆ ಬರುವ, ಕ್ವೆರಿ ಟೈಪ್ ಮಾಡುವ ಪಿಎಸ್‌ಕ್ಯೂಎಲ್‌ನಲ್ಲಿ 9.6 ಆವೃತ್ತಿಯಿಂದ 'ಕ್ರಾಸ್‌ಟ್ಯಾಬ್‌ವ್ಯೂ' ಅನ್ನುವ ಆಜ್ಞೆ ಇದೆ. ಅದಕ್ಕೆ ಪಟ್ಟಿ ಬೇಡ, ಯಾಕೆಂದರೆ ಅದು ತಿರುಗಿಸುವುದು ಉತ್ತರ ಕೈಗೆ ಬಂದ ಮೇಲೆ.

ದಿನಕ್ಕೊಂದೇ ಸಾಲು ಬೇಕು ಅಂತ ಹಟವಿದ್ದರೆ ಎರಡನೇ ಕಾಲಂ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಬರಹ) ಮಾಡಿ, ಆ ಜೋಡಿಗಳನ್ನು ಒಟ್ಟುಗೂಡಿಸುವ 'ಜೇಸನ್‌ಬಿ ಆಬ್ಜೆಕ್ಟ್ ಆಗ್' ಬಳಸಿ. ಆದರೆ ಒಬ್ಬರೇ ಒಂದೇ ದಿನ ನಾಲ್ಕು ಲಾಟ್ ಕೊಂಡಿದ್ದರೆ ಅದು ಕೊನೆಯದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಮೊದಲು ವ್ಯಾಪಾರಿವಾರು ಮೊತ್ತ ಕೂಡಿಸಿ, ಆಮೇಲೆ ಜೇಸನ್‌ಗೆ ಕೊಡಿ.

ಪ್ರಶ್ನೆ: ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ನಾವು ಬರೆಯುವ ಫಂಕ್ಷನ್ ಟೇಬಲ್ ಕೊಡುವುದೇ ಇಲ್ವಾ? — ವಿದ್ಯಾರ್ಥಿನಿ, ತುಮಕೂರು

ಉತ್ತರ: ಇಲ್ಲಮ್ಮ, ಒಂದೇ ಒಂದು ಮೌಲ್ಯ (ವ್ಯಾಲ್ಯೂ) ಕೊಡುತ್ತದೆ. ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸ್‌ನಲ್ಲೇ ಉಳಿಸಿಟ್ಟು 'ಕಾಲ್' ಅಂತ ಕರೆಯುವ ಕೋಡ್) ಬರೆದರೆ ಯಾವ ಆಕಾರದ ಟೇಬಲ್ ಬೇಕಾದರೂ ಕೊಡಬಹುದು, ಒಳಗೆ ಓಡುವಾಗಲೇ ಕಟ್ಟಿದ ಕ್ವೆರಿಯನ್ನು 'ಪ್ರಿಪೇರ್' ಮಾಡಿ ಓಡಿಸಲೂಬಹುದು. ಆದರೆ ಅದನ್ನು 'ಫ್ರಂ' ಮುಂದೆ ಇಟ್ಟು ಬೇರೆ ಟೇಬಲ್ ಜೊತೆ ಜೋಡಿಸಲು ಆಗುವುದಿಲ್ಲ. ಅಂಥ ಕೆಲಸಕ್ಕೆ ಪ್ರೊಸೀಜರ್ ಒಳಗೆ ತಾತ್ಕಾಲಿಕ ಟೇಬಲ್ ತುಂಬಿಸು, ಅದೇ ಕನೆಕ್ಷನ್‌ನಲ್ಲಿ ಮುಂದಿನ ಕ್ವೆರಿ ಬರೆ. ಕನೆಕ್ಷನ್ ಮುಚ್ಚಿದರೆ ಆ ಟೇಬಲ್ ತಾನೇ ಹೋಗುತ್ತದೆ.